ನಿಲ್ಲಬಲ್ಲವನೇ ನಲಿಯಬಲ್ಲನು: ಗಸ್ಸನ್ ಪರ್ವತದ ವಸಂತದ ಹಿಮ

‘ವಿರಾಮ’ ಎಂಬುದು ಕನ್ನಡದಲ್ಲಿ ನಿತ್ಯ ಬಳಕೆಯಲ್ಲಿರುವ ಪದ. ಶಾಲೆಯ ಮಕ್ಕಳಿಗೆ ಅದು ಗಂಟೆ ಬಾರಿಸಿದ ಮೇಲೆ ದೊರೆಯುವ ಬಿಡುವು. ಬರೆಯುವವರಿಗೆ ವಾಕ್ಯದ ಕೊನೆಯ ಚಿಹ್ನೆ. ದುಡಿದು ದಣಿದವರಿಗೆ ಭಾನುವಾರದ ಮಧ್ಯಾಹ್ನ. ಈ ಪದದ ಮೂಲವನ್ನು ಅರಸಿ ಹೊರಟರೆ ಸಂಸ್ಕೃತದ ‘ರಮ್’ ಧಾತು ದೊರೆಯುತ್ತದೆ. ಈ ಧಾತುವಿಗೆ ಮುಖ್ಯವಾಗಿ ಎರಡು ಅರ್ಥಗಳುಂಟು. ಒಂದು, ನಿಲ್ಲುವುದು, ಇನ್ನೊಂದು, ನಲಿಯುವುದು. ‘ವಿರಾಮ’ ಎಂಬಲ್ಲಿ ಮೊದಲನೆಯ ಅರ್ಥ ಮುಂದಾಗಿದೆ. ‘ರಮಣೀಯ’ ಎಂಬಲ್ಲಿ ಎರಡನೆಯದು ಮುಂದಾಗಿದೆ. ಒಂದೇ ಬೇರಿನಿಂದ ಒಡೆದ ಈ ಎರಡು ಕವಲುಗಳಿಗೆ ಪರಸ್ಪರ ಸಂಬಂಧವೇನು? ನಿಲ್ಲುವುದಕ್ಕೂ ನಲಿಯುವುದಕ್ಕೂ ಇರುವ ನಂಟು ಯಾವುದು? ಸಹೃದಯ ಭಕ್ತರು ಕ್ಷಣಕಾಲ ವಿಚಾರಿಸಬೇಕಾದ ಪ್ರಶ್ನೆಯಿದು.

ಇಂದಿನ ಬದುಕಿನಲ್ಲಿ ಈ ನಂಟು ಕಡಿದುಹೋಗಿದೆ. ಎಷ್ಟು ಊರು ನೋಡಿದ್ದಾಯಿತು, ಎಷ್ಟು ಬೇಗ ಮುಗಿಸಿದ್ದಾಯಿತು, ಎಷ್ಟು ಚಿತ್ರ ತೆಗೆದದ್ದಾಯಿತು ಎಂಬ ಲೆಕ್ಕವೇ ಸಂತೋಷದ ಅಳತೆಗೋಲಾಗಿದೆ. ಪ್ರವಾಸಕ್ಕೆ ಹೋದವನು ಕಚೇರಿಯಲ್ಲಿದ್ದಾಗಿಗಿಂತ ಹೆಚ್ಚು ದಣಿದು ಮನೆಗೆ ಮರಳುತ್ತಾನೆ. ಕೊಟ್ಟ ಹಣಕ್ಕೆ ತಕ್ಕಷ್ಟು ಸುಖವನ್ನು ಹಿಂಡಿ ತೆಗೆಯದಿದ್ದರೆ ನಷ್ಟವಾಯಿತೆಂಬ ಕೊರಗು ಅವನನ್ನು ಕಾಡುತ್ತದೆ. ನಿಲ್ಲುವುದು ಸೋಮಾರಿಯ ಲಕ್ಷಣವೆಂಬ ಭಾವನೆ ಬೇರೂರಿರುವ ಈ ಕಾಲದಲ್ಲಿ, ಆ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸುವುದಕ್ಕೆ ವೇಗವೇ ಪ್ರಾಣವಾಗಿರುವ ಒಂದು ಕ್ರೀಡೆಯನ್ನು ಆಯ್ದುಕೊಳ್ಳುವುದು ಉಚಿತ. ವೇಗದ ಕ್ರೀಡೆಯಲ್ಲಿಯೂ ನಿಲುಗಡೆಯೇ ನಲಿವಿನ ಮೂಲವೆಂದು ಕಂಡುಬಂದರೆ, ಉಳಿದ ಕೆಲಸಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ.

ಆ ಕ್ರೀಡೆ ಸ್ಕೀಯಿಂಗ್. ಹಿಮವನ್ನು ಕಂಡರಿಯದ ಓದುಗರಿಗಾಗಿ ಎರಡು ಮಾತು. ಎರಡು ಪಾದಗಳಿಗೂ ಉದ್ದನೆಯ, ಮುಂತುದಿ ಬಾಗಿದ ಹಲಗೆಗಳನ್ನು ಬಿಗಿದುಕೊಂಡು, ಕೈಯಲ್ಲಿ ಊರುಗೋಲುಗಳನ್ನು ಹಿಡಿದು, ಹಿಮ ಮುಚ್ಚಿದ ಇಳಿಜಾರಿನಲ್ಲಿ ಜಾರಿಕೊಂಡು ಇಳಿಯುವುದೇ ಸ್ಕೀಯಿಂಗ್. ಇಳಿದವರನ್ನು ಮತ್ತೆ ಮೇಲೆ ಒಯ್ಯಲು ಉಕ್ಕಿನ ಹಗ್ಗಕ್ಕೆ ತೂಗುಹಾಕಿದ ಕುರ್ಚಿಗಳ ಲಿಫ್ಟ್ ಇರುತ್ತದೆ. ಇಳಿಯುವುದು, ಏರುವುದು, ಮತ್ತೆ ಇಳಿಯುವುದು, ಇಷ್ಟೇ ಆಟ. ಜಪಾನಿಗೆ ಇದು ಹೊರಗಿನಿಂದ ಬಂದ ವಿದ್ಯೆ. ಆಸ್ಟ್ರಿಯಾ-ಹಂಗೆರಿಯ ಸೇನಾಧಿಕಾರಿ ಥಿಯೊಡೋರ್ ಫಾನ್ ಲೆರ್ಖ್ 1911ರ ಜನವರಿ 12ರಂದು ನಿಗಾತಾ ಪ್ರಾಂತದ ತಕಾದಾದಲ್ಲಿ ಜಪಾನೀ ಸೈನಿಕರಿಗೆ ಒಂದೇ ಉದ್ದನೆಯ ಕೋಲನ್ನು ಹಿಡಿದು ಇಳಿಯುವ ಕ್ರಮವನ್ನು ಕಲಿಸಿದನು. ಅಲ್ಲಿಂದ ಮುಂದೆ ಸೈನಿಕರ ವಿದ್ಯೆ ಜನಸಾಮಾನ್ಯರ ವಿನೋದವಾಯಿತು. 1972ರಲ್ಲಿ ಸಪ್ಪೊರೊ, 1998ರಲ್ಲಿ ನಗಾನೊ ನಗರಗಳಲ್ಲಿ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದವು.

ಸ್ಕೀಯಿಂಗ್ ಎಂದೊಡನೆ ಜನವರಿಯ ಕೊರೆಯುವ ಚಳಿ, ಪುಡಿಯಂತಹ ಹೊಸ ಹಿಮ, ಲಿಫ್ಟಿನ ಬುಡದಲ್ಲಿ ಉದ್ದನೆಯ ಸಾಲು, ಇವು ಮನಸ್ಸಿಗೆ ಬರುತ್ತವೆ. ಆದರೆ ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಮೇ ತಿಂಗಳ ಕೊನೆಯ ಒಂದು ದಿನವನ್ನು. ಆ ವೇಳೆಗೆ ಜಪಾನಿನ ಬಯಲುಸೀಮೆಯಲ್ಲಿ ಚೆರಿ ಹೂವು ಉದುರಿ, ಭತ್ತದ ಗದ್ದೆಗಳಲ್ಲಿ ನೀರು ನಿಂತು, ನಾಟಿಯ ಕೆಲಸ ನಡೆದಿರುತ್ತದೆ. ಬಹುತೇಕ ಸ್ಕೀ ತಾಣಗಳು ಬಾಗಿಲು ಮುಚ್ಚಿರುತ್ತವೆ. ಆಗಲೂ ಹಿಮವನ್ನು ಹೊತ್ತು ನಿಂತಿರುವ ಪರ್ವತವೊಂದುಂಟು. ಅದರ ಹೆಸರು ಗಸ್ಸನ್.

ಜಪಾನಿನ ಮುಖ್ಯ ದ್ವೀಪವಾದ ಹೊನ್ಶುವಿನ ಈಶಾನ್ಯ ಭಾಗಕ್ಕೆ ತೊಹೊಕು ಎಂದು ಹೆಸರು. ಅಲ್ಲಿನ ಯಾಮಗಾತಾ ಪ್ರಾಂತದಲ್ಲಿ 1984 ಮೀಟರ್ ಎತ್ತರದ ಗಸ್ಸನ್ ಇದೆ. ಹೆಸರನ್ನು ಬರೆಯುವ ಎರಡು ಚಿತ್ರಾಕ್ಷರಗಳಲ್ಲಿ ಮೊದಲನೆಯದಕ್ಕೆ ಚಂದ್ರನೆಂದೂ ಎರಡನೆಯದಕ್ಕೆ ಪರ್ವತವೆಂದೂ ಅರ್ಥ. ಜ್ವಾಲಾಮುಖಿಯಿಂದ ಹುಟ್ಟಿದ ಬೆಟ್ಟವಾದರೂ ಫುಜಿಯಂತಹ ಚೂಪು ಶಿಖರ ಅದಕ್ಕಿಲ್ಲ. ದೂರದಿಂದ ನೋಡಿದರೆ ಅಗಲವಾಗಿ ಹರಡಿಕೊಂಡ ದುಂಡನೆಯ ಬೆನ್ನು ಕಾಣುತ್ತದೆ. 414 ಮೀಟರ್ ಎತ್ತರದ ಹಗುರೊ, 1504 ಮೀಟರ್ ಎತ್ತರದ ಯುದೊನೊ ಮತ್ತು ಗಸ್ಸನ್ ಸೇರಿ ‘ದೇವಾ ಸಂಜಾನ್’, ಅರ್ಥಾತ್ ದೇವಾ ಸೀಮೆಯ ಮೂರು ಪರ್ವತಗಳು, ಎನಿಸಿಕೊಂಡಿವೆ. ಇಲ್ಲಿ ‘ದೇವಾ’ ಎಂಬುದು ಆ ಸೀಮೆಯ ಹಳೆಯ ಹೆಸರೇ ಹೊರತು ಸಂಸ್ಕೃತದ ‘ದೇವ’ ಶಬ್ದವಲ್ಲ. ಉಚ್ಚಾರದ ಹೋಲಿಕೆ ಕೇವಲ ಆಕಸ್ಮಿಕ. ಆದರೂ ಆ ಮೂರೂ ಪರ್ವತಗಳು ಆ ನಾಡಿನ ಜನರಿಗೆ ಪವಿತ್ರ ಕ್ಷೇತ್ರಗಳೆಂಬುದು ನಿಜ. ಕ್ರಿ.ಶ. 593ರಲ್ಲಿ ಹಾಚಿಕೊ ಎಂಬ ರಾಜಕುಮಾರನು ಈ ಕ್ಷೇತ್ರವನ್ನು ತೆರೆದನೆಂದು ಸಂಪ್ರದಾಯ ಹೇಳುತ್ತದೆ. ಹಗುರೊ ವರ್ತಮಾನವನ್ನೂ, ಗಸ್ಸನ್ ಗತವನ್ನೂ ಮರಣವನ್ನೂ, ಯುದೊನೊ ಮರುಹುಟ್ಟನ್ನೂ ಸೂಚಿಸುತ್ತವೆಂಬುದು ಅಲ್ಲಿನ ಯಾತ್ರಿಕರ ನಂಬಿಕೆ. ಬಿಳಿಯ ಬಟ್ಟೆಯನ್ನುಟ್ಟು ಮೂರನ್ನೂ ಕ್ರಮವಾಗಿ ಏರಿ ಇಳಿದವನು ಬದುಕಿರುವಾಗಲೇ ಸತ್ತು ಮತ್ತೆ ಹುಟ್ಟಿದಂತಾಗುತ್ತಾನೆ.

ಈ ಪರ್ವತದ ಸ್ಕೀ ತಾಣದ ವೈಚಿತ್ರ್ಯವನ್ನು ಗಮನಿಸಬೇಕು. ಉಳಿದೆಡೆ ಹಿಮ ಬಿದ್ದಾಗ ತಾಣ ತೆರೆಯುತ್ತದೆ. ಇಲ್ಲಿ ಹಿಮ ಬೀಳುವುದು ನಿಂತ ಮೇಲೆ ತೆರೆಯುತ್ತದೆ. ಉಳಿದವು ಮುಚ್ಚುವ ಏಪ್ರಿಲ್ ತಿಂಗಳಲ್ಲಿ ಇದರ ಋತು ಆರಂಭವಾಗಿ, ಹಿಮವಿದ್ದರೆ ಜುಲೈವರೆಗೂ ನಡೆಯುತ್ತದೆ. ನಡು ಚಳಿಗಾಲದಲ್ಲಿ ಅಲ್ಲಿ ಹಿಮ ಎಷ್ಟು ಆಳವಾಗಿ ಬೀಳುತ್ತದೆಂದರೆ, ಲಿಫ್ಟಿರುವ ಉಬಾಸಾವಾಕ್ಕೆ ಹೋಗುವ ರಸ್ತೆಯೇ ಹೂತುಹೋಗಿ ಮುಚ್ಚಿರುತ್ತದೆ. ಇದಕ್ಕೆ ಕಾರಣ ಜಪಾನ್ ಸಮುದ್ರ. ಚಳಿಗಾಲದಲ್ಲಿ ಸೈಬೀರಿಯಾದಿಂದ ಬೀಸುವ ಒಣ ಶೀತಗಾಳಿ ಆ ಸಮುದ್ರವನ್ನು ದಾಟುವಾಗ, ತ್ಸುಶಿಮಾ ಎಂಬ ಬೆಚ್ಚನೆಯ ಪ್ರವಾಹದ ನೀರಿನಿಂದ ತೇವವನ್ನು ಹೀರಿಕೊಳ್ಳುತ್ತದೆ. ತೇವ ತುಂಬಿದ ಆ ಗಾಳಿ ಕರಾವಳಿಯ ಪರ್ವತಗಳಿಗೆ ತಾಗಿ ಮೇಲೇರಿ, ತಣಿದು, ಹೊತ್ತದ್ದನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಗಸ್ಸನ್ ಆ ಗಾಳಿಯ ಎದುರಿಗೇ ನಿಂತಿರುವ ಪರ್ವತ. ಆದುದರಿಂದ ಅಲ್ಲಿಗೆ ಹೋಗಬಯಸುವವನು ಮೊದಲು ಕಾಯುವುದನ್ನು ಕಲಿಯಬೇಕು. ಪರ್ವತವು ಬಾ ಎಂದಾಗ ಮಾತ್ರ ಹೋಗಲು ಸಾಧ್ಯ.

ಈ ಕಾಯುವಿಕೆ ಋತುವಿಗೆ ಮಾತ್ರ ಸೀಮಿತವಲ್ಲ, ದಿನಕ್ಕೂ ಅನ್ವಯಿಸುತ್ತದೆ. ಮೇ ತಿಂಗಳ ಕೊನೆಯಲ್ಲಿ ಅಲ್ಲಿ ಬೆಳಗಿನ ನಾಲ್ಕೂವರೆಗೆಲ್ಲ ಸೂರ್ಯ ಮೂಡಿರುತ್ತಾನೆ. ಆದರೆ ಆಗಲೇ ಹಿಮಕ್ಕೆ ಇಳಿಯುವುದರಿಂದ ಪ್ರಯೋಜನವಿಲ್ಲ. ನಿರಭ್ರ ರಾತ್ರಿಯಲ್ಲಿ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಹಲಗೆಯ ಅಂಚು ಅದರಲ್ಲಿ ಹಿಡಿತ ಕಾಣದೆ ಕರಕರ ಸದ್ದು ಮಾಡುತ್ತದೆ. ಬಿಸಿಲು ಏರಿದಂತೆ ಮೇಲಿನ ಒಂದೆರಡು ಅಂಗುಲ ಮೆತ್ತಗಾಗುತ್ತದೆ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಈ ಕ್ರಿಯೆ ದಿನದಿನವೂ ನಡೆದು, ಹಿಮದ ಸಣ್ಣ ಹರಳುಗಳು ಒಂದಕ್ಕೊಂದು ಕೂಡಿ ದುಂಡನೆಯ ದಪ್ಪ ಕಾಳುಗಳಾಗುತ್ತವೆ. ಜಪಾನೀಯರು ಇದನ್ನು ‘ಜರಾಮೆ’ ಹಿಮ ಎನ್ನುತ್ತಾರೆ. ಜರಾಮೆ ಎಂದರೆ ದಪ್ಪ ಹರಳಿನ ಸಕ್ಕರೆ. ಆ ಸಕ್ಕರೆಯಂತಹ ಹಿಮದ ಮೇಲೆ ಹಲಗೆ ತಿರುಗಿಸಿದಲ್ಲಿ ತಿರುಗುತ್ತದೆ, ಬಿದ್ದರೆ ಮೂಳೆಗೆ ಪೆಟ್ಟಾಗುವುದು ಕಡಿಮೆ, ಹೊಸಬರಿಗೂ ಧೈರ್ಯ ಬರುತ್ತದೆ. ಆದರೆ ಈ ಸುಸ್ಥಿತಿ ಕೆಲವೇ ತಾಸುಗಳದ್ದು. ಮಧ್ಯಾಹ್ನ ಕಳೆದಂತೆ ಹಿಮ ನೀರುಗೂಡಿ, ಹಲಗೆಯ ಅಡಿಯನ್ನು ಅಂಟಿನಂತೆ ಹಿಡಿದು ಎಳೆಯತೊಡಗುತ್ತದೆ. ವಸಂತದಲ್ಲಿ ಏಷ್ಯಾ ಖಂಡದ ಮರುಭೂಮಿಗಳಿಂದ ಹಾರಿ ಬರುವ ಹಳದಿ ಧೂಳು ಹಿಮದ ಮೇಲೆ ಕುಳಿತರಂತೂ ಜಾರುವಿಕೆ ಮತ್ತಷ್ಟು ಮಂದವಾಗುತ್ತದೆ.

ಇದರಿಂದ ತಿಳಿಯುವುದೇನು? ಮುಂಜಾನೆ ಅವಸರಪಟ್ಟು ಬಂದವನಿಗೆ ಮಂಜುಗಲ್ಲು ಸಿಗುತ್ತದೆ. ಸಂಜೆಯವರೆಗೂ ಬಿಡದೆ ಆಡುವೆನೆಂಬ ಹಟಮಾರಿಗೆ ಕೆಸರಿನಂತಹ ಹಿಮ ಸಿಗುತ್ತದೆ. ನಡುವಿನ ಹದವನ್ನು ಬಲ್ಲವನಿಗೆ ಸಕ್ಕರೆ ಸಿಗುತ್ತದೆ. ಅಡುಗೆಯವನು ಪಾಕದ ಹದವನ್ನು ನೋಡುವಂತೆ, ಒಕ್ಕಲಿಗನು ಮಣ್ಣಿನ ಹದವನ್ನು ನೋಡುವಂತೆ, ಅಲ್ಲಿನ ಅನುಭವಿಗಳು ಹಿಮದ ಹದವನ್ನು ನೋಡಿ ಏಳುತ್ತಾರೆ. ಬೆಳಗಿನ ಉಪಾಹಾರವನ್ನು ನಿಧಾನವಾಗಿ ಮುಗಿಸಿ, ಹಲಗೆಗಳನ್ನು ಹೆಗಲ ಮೇಲಿಟ್ಟು, ಹಿಮದ ಮೇಲೆ ನಡೆದು ಲಿಫ್ಟಿನ ಬುಡಕ್ಕೆ ಬರುತ್ತಾರೆ. ಆ ಲಿಫ್ಟಿಗೂ ಅವಸರವಿಲ್ಲ. ಇಬ್ಬರು ಕುಳಿತುಕೊಳ್ಳುವ ಕುರ್ಚಿ ಮೆಲ್ಲಗೆ ತೂಗುತ್ತ ಸುಮಾರು 1500 ಮೀಟರ್ ಎತ್ತರದವರೆಗೆ ಒಯ್ಯುತ್ತದೆ. ಅದಕ್ಕೂ ಮೇಲೆ ಹೋಗಬಯಸುವವರು 1670 ಮೀಟರಿನ ಉಬಾಗಾತಾಕೆಯ ಕಡೆಗೆ ತಮ್ಮ ಕಾಲನ್ನೇ ನಂಬಿ ಏರಬೇಕು. ಹೀಗೆ ಅರ್ಧ ತಾಸು ಏರಿ, ಕೆಲವು ನಿಮಿಷಗಳಲ್ಲಿ ಇಳಿದು, ಮತ್ತೆ ಕುಳಿತು ಕಾಲು ಚಾಚುವುದೇ ಅಲ್ಲಿನ ದಿನಚರಿ.

ಕುಳಿತಾಗ ಕಾಣುವುದೂ ಆ ದಿನದ ಒಂದು ಭಾಗವೇ. ಬೆಟ್ಟದ ಕೆಳಗಿನ ಇಳಿಜಾರುಗಳಲ್ಲಿ ಜಪಾನೀಯರು ‘ಬುನಾ’ ಎಂದು ಕರೆಯುವ ಮರಗಳ ಕಾಡಿದೆ. ಬುಡದಲ್ಲಿ ಇನ್ನೂ ಆಳದ ಹಿಮವಿರುವಾಗಲೇ ಕೊಂಬೆಗಳಲ್ಲಿ ಎಳೆ ಹಸುರಿನ ಚಿಗುರು ಒಡೆದಿರುತ್ತದೆ. ಪ್ರತಿಯೊಂದು ಕಾಂಡದ ಸುತ್ತಲೂ ಹಿಮ ಬಾವಿಯಂತೆ ವರ್ತುಲಾಕಾರವಾಗಿ ಕರಗಿರುತ್ತದೆ. ಕಾಂಡ ಬಿಸಿಲನ್ನು ಹೀರಿ ಆ ಬಿಸಿಯನ್ನು ಸುತ್ತಲಿನ ಹಿಮಕ್ಕೆ ಹರಡುವುದರಿಂದ ಹೀಗಾಗುತ್ತದೆ. ಇದಕ್ಕೆ ಅಲ್ಲಿನ ಜನ ‘ನೆಬಿರಾಕಿ’, ಎಂದರೆ ಬೇರು ತೆರೆಯುವಿಕೆ, ಎಂದು ಹೆಸರಿಟ್ಟಿದ್ದಾರೆ. ಯಾವ ಸದ್ದೂ ಇಲ್ಲದೆ, ಯಾವ ಬಲಪ್ರಯೋಗವೂ ಇಲ್ಲದೆ ಮರ ತನ್ನ ಸುತ್ತಲಿನ ಚಳಿಗಾಲವನ್ನು ಸರಿಸುವ ಈ ಬಗೆಯನ್ನು ಕಾಣಬೇಕಾದರೆ ನೋಡುವವನು ನಿಂತಿರಬೇಕು. ರಭಸದಿಂದ ಜಾರಿ ಹೋಗುವವನ ಕಣ್ಣಿಗೆ ಅದು ಬರಿಯ ಗುಂಡಿ, ತಪ್ಪಿಸಿಕೊಳ್ಳಬೇಕಾದ ಅಪಾಯ ಮಾತ್ರ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ‘ದೂರದ ಊರಿನಿಂದ ಹಣ ಖರ್ಚು ಮಾಡಿ ಬಂದು, ಇಡೀ ದಿನದಲ್ಲಿ ಐದಾರು ಸಲ ಇಳಿದು ಹೋಗುವುದು ಯಾವ ಜಾಣತನ? ಲಿಫ್ಟಿನ ಚೀಟಿ ಇಡೀ ದಿನದ್ದಲ್ಲವೇ? ಇಪ್ಪತ್ತು ಸಲ ಇಳಿದವನಿಗೆ ನಾಲ್ಕು ಪಟ್ಟು ಲಾಭವಲ್ಲವೇ?’ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಗಸ್ಸನ್‌ಗೆ ಕಠಿಣ ಅಭ್ಯಾಸಕ್ಕಾಗಿಯೇ ಬರುವವರೂ ಇದ್ದಾರೆ. ಒಬ್ಬರ ಹಿಂದೆ ಒಬ್ಬರು ಒಂದೇ ಜಾಡಿನಲ್ಲಿ ತಿರುಗಿ ತಿರುಗಿ ಇಳಿದಾಗ ಹಿಮದಲ್ಲಿ ಸಾಲುಸಾಲಾಗಿ ಉಬ್ಬುಗಳೇಳುತ್ತವೆ. ‘ಕೊಬು’ ಎಂದು ಕರೆಯಲಾಗುವ ಈ ಉಬ್ಬುಗಳ ನಡುವೆ ಮೊಣಕಾಲನ್ನು ಮಡಿಸಿ ಬಿಡಿಸುತ್ತ ನೂರಾರು ಸಲ ಇಳಿದು ವಿದ್ಯೆಯನ್ನು ಹರಿತಗೊಳಿಸುವ ತರುಣರಿಗೆ ಎಣಿಕೆ ಬೇಕೇ ಬೇಕು. ಅಭ್ಯಾಸಿಗೆ ಎಣಿಕೆ ಸಾಧನ. ಪ್ರಶ್ನೆ ಇರುವುದು ಅವರನ್ನು ಕುರಿತಲ್ಲ. ಯಾವ ಪಂದ್ಯವೂ ಮುಂದಿಲ್ಲದ, ಯಾರನ್ನೂ ಗೆಲ್ಲಬೇಕಾಗಿಲ್ಲದ, ಕೇವಲ ಸಂತೋಷಕ್ಕಾಗಿ ಬಂದ ಮನುಷ್ಯನೂ ಎಣಿಕೆಯ ಆಳಾಗುವುದನ್ನು ಕುರಿತು. ಅವನ ಹತ್ತನೆಯ ಇಳಿತದಲ್ಲಿ ಒಂಬತ್ತನೆಯದರ ನೆನಪಿಲ್ಲ. ಅವನಿಗೆ ಹನ್ನೊಂದನೆಯದರ ಧ್ಯಾನ. ಬಂದದ್ದು ಪರ್ವತಕ್ಕೆ, ಇದ್ದದ್ದು ಲೆಕ್ಕದ ಪುಸ್ತಕದಲ್ಲಿ ಎಂಬಂತಾಗುತ್ತದೆ ಅವನ ಪಾಡು.

ಜಪಾನ್ ಸ್ವತಃ ಈ ಲೆಕ್ಕದ ದಾರಿಯನ್ನು ನಡೆದು ನೋಡಿದ ದೇಶ. 1980ರ ದಶಕದಲ್ಲಿ ಹಣದ ಹೊಳೆ ಹರಿದಾಗ, 1987ರಲ್ಲಿ ವಿಹಾರಧಾಮಗಳ ನಿರ್ಮಾಣವನ್ನು ಪ್ರೋತ್ಸಾಹಿಸುವ ಕಾನೂನು ಬಂದಾಗ, ಬೆಟ್ಟಗಳನ್ನು ಕಡಿದು ಲಿಫ್ಟುಗಳನ್ನು ನೆಡಲಾಯಿತು, ದೊಡ್ಡ ಹೋಟೆಲುಗಳು ಎದ್ದವು. 1990ರ ದಶಕದಲ್ಲಿ ಸ್ಕೀಯಾಡುವವರ ಸಂಖ್ಯೆ ತನ್ನ ತುದಿಯನ್ನು ಮುಟ್ಟಿತು; ಆ ಬಳಿಕ ಬಹಳವಾಗಿ ಇಳಿಯಿತು. ಎಷ್ಟೋ ತಾಣಗಳು ಮುಚ್ಚಿದವು. ಅವುಗಳ ಲಿಫ್ಟಿನ ಕಂಬಗಳು ತುಕ್ಕು ಹಿಡಿದು ನಿಂತವು. ಹೆಚ್ಚು ಹೆಚ್ಚು ಎಂದು ಕಟ್ಟಿದ್ದು ಕಡಿಮೆಯಾದಾಗ ಉಳಿಯಲಾರದೆ ಹೋಯಿತು. ಗಸ್ಸನ್‌ನ ಸ್ಕೀ ತಾಣ ಮಾತ್ರ ಅಂದಿಗೂ ಇಂದಿಗೂ ಮುಖ್ಯವಾಗಿ ಒಂದು ನಿಧಾನವಾದ ಲಿಫ್ಟನ್ನು ನಂಬಿದೆ. ಅದರ ತಪ್ಪಲಿನ ಶಿಜು ಎಂಬ ಊರು ಹಿಂದೆ ಯುದೊನೊಗೆ ಹೋಗುವ ಯಾತ್ರಿಕರು ತಂಗುತ್ತಿದ್ದ ಸ್ಥಳ. ಇಂದೂ ಅಲ್ಲಿ ಬಿಸಿನೀರಿನ ಬುಗ್ಗೆಯ ಸ್ನಾನಗೃಹಗಳುಳ್ಳ ವಸತಿಗಳಿವೆ. ವಸಂತದಲ್ಲಿ ಹಿಮ ಕರಗಿದ ಜಾಗದಲ್ಲಿ ಚಿಗುರುವ ಕಾಡುಸೊಪ್ಪು, ಸ್ವಲ್ಪ ತಡವಾಗಿ ಬರುವ ಎಳೆಬಿದಿರಿನ ಕಳಲೆ, ಇವು ಅಲ್ಲಿನ ಊಟದ ಹೆಮ್ಮೆ. ಮಧ್ಯಾಹ್ನವೇ ಆಟ ಮುಗಿಸಿ ಇಳಿದು ಬಂದವನಿಗೆ ಬಿಸಿನೀರೂ ಈ ಊಟವೂ ಕಾದಿರುತ್ತವೆ. ನಿಲ್ಲುವುದನ್ನು ಬಲ್ಲವನಿಗೆ ದಿನದ ಉಳಿದ ಭಾಗವೂ ದಿನವಾಗಿಯೇ ಉಳಿಯುತ್ತದೆ.

ಎರಡನೆಯ ಪೂರ್ವಪಕ್ಷ ಇದಕ್ಕಿಂತ ಗಂಭೀರವಾದುದು. ‘ಯಾತ್ರಿಕರು ಮರಣದ ಪರ್ವತವೆಂದು ನಂಬಿ ಬಿಳಿಯುಟ್ಟು ಏರುವ ಕ್ಷೇತ್ರದಲ್ಲಿ ಮೋಜಿಗಾಗಿ ಜಾರುವುದು ಸರಿಯೇ? ಪವಿತ್ರ ಸ್ಥಾನ ಆಟದ ಬಯಲಾಗಬಹುದೇ?’ ಕ್ಷೇತ್ರದ ಮಹಿಮೆಯನ್ನು ಬಲ್ಲ ಭಕ್ತರ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜ. ಗಸ್ಸನ್ ಇದಕ್ಕಿಂತಲೂ ದೊಡ್ಡ ಆಘಾತಗಳನ್ನು ಕಂಡಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ಬುದ್ಧನ ಆರಾಧನೆಯೂ ನಾಡಿನ ಕಾಮಿ ದೈವಗಳ ಆರಾಧನೆಯೂ ಶತಮಾನಗಳ ಕಾಲ ಒಂದಾಗಿ ಬೆಳೆದಿದ್ದ ಆ ಕ್ಷೇತ್ರದಲ್ಲಿ, 1868ರಲ್ಲಿ ಸರ್ಕಾರ ಎರಡನ್ನೂ ಬೇರ್ಪಡಿಸಬೇಕೆಂದು ಆಜ್ಞಾಪಿಸಿತು. 1872ರಲ್ಲಿ ಶುಗೆಂದೊ ಎಂಬ ಪರ್ವತ ಸಾಧನೆಯ ಪಂಥವನ್ನೇ ನಿಷೇಧಿಸಿತು. ‘ಯಾಮಾಬುಶಿ’, ಎಂದರೆ ಪರ್ವತದಲ್ಲಿ ಮಲಗುವವರು, ಎನಿಸಿಕೊಂಡ ಆ ಸಾಧಕರು ತಮ್ಮ ಹೆಸರನ್ನೇ ಕಳೆದುಕೊಳ್ಳಬೇಕಾಯಿತು. ಎರಡನೆಯ ಮಹಾಯುದ್ಧದ ಬಳಿಕ ಧಾರ್ಮಿಕ ಸ್ವಾತಂತ್ರ್ಯ ಬಂದ ಮೇಲೆ ಆ ಪರಂಪರೆ ಮತ್ತೆ ಬಹಿರಂಗವಾಗಿ ಉಸಿರಾಡತೊಡಗಿತು. ಪರ್ವತದ ಪಾವಿತ್ರ್ಯ ಅಷ್ಟು ಸುಲಭವಾಗಿ ಕೆಡುವಂಥದಲ್ಲ. ಕೆಡುವುದಾದರೆ ಬಂದವನ ನಡವಳಿಕೆಯಿಂದ ಅವನ ಪಾಲಿಗೆ ಮಾತ್ರ ಕೆಡುತ್ತದೆ.

ಕವಿ ಬಾಶೋ 1689ರ ಬೇಸಗೆಯಲ್ಲಿ ಶಿಷ್ಯ ಸೊರಾನೊಡನೆ ಈ ಪರ್ವತವನ್ನೇರಿದನು. 1702ರಲ್ಲಿ, ಅವನ ಮರಣಾನಂತರ ಪ್ರಕಟವಾದ ‘ಒಕು ನೊ ಹೊಸೊಮಿಚಿ’ ಎಂಬ ಪ್ರವಾಸಕಥನದಲ್ಲಿ ಆ ಏರಿಕೆಯ ವರ್ಣನೆಯಿದೆ. ಮಂಜು ಮೋಡಗಳ ನಡುವೆ ಹಿಮವನ್ನು ತುಳಿಯುತ್ತ, ಏದುಸಿರು ಬಿಡುತ್ತ, ಚಳಿಯಿಂದ ಮರಗಟ್ಟಿದ ದೇಹದಿಂದ ಅವನು ಶಿಖರವನ್ನು ಮುಟ್ಟಿದನು. ರಾತ್ರಿಯನ್ನು ಅಲ್ಲಿಯೇ ಕಳೆದು ಮರುದಿನ ಯುದೊನೊ ಕಡೆಗೆ ಇಳಿದನು. ದಾರಿಯಲ್ಲಿ ಬಂಡೆಯ ಮೇಲೆ ಕುಳಿತು ದಣಿವಾರಿಸಿಕೊಳ್ಳುವಾಗ ಅವನ ಕಣ್ಣಿಗೆ ಬಿದ್ದದ್ದು ಮೂರಡಿ ಎತ್ತರದ ಒಂದು ಚೆರಿ ಗಿಡ; ಹಿಮದಡಿಯಲ್ಲಿ ಹೂತಿದ್ದೂ ವಸಂತವನ್ನು ಮರೆಯದೆ ಅರೆಬಿರಿದ ಮೊಗ್ಗುಗಳನ್ನು ಹೊತ್ತಿತ್ತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಏರುವಾಗ ಅವನಿಗೆ ಕಂಡದ್ದು ಮಂಜು ಮತ್ತು ತನ್ನ ಉಸಿರು. ಆ ಗಿಡ ಕಂಡದ್ದು ಕುಳಿತಾಗ. ಯುದೊನೊದಲ್ಲಿ ಕಂಡದ್ದನ್ನು ಇತರರಿಗೆ ಹೇಳಬಾರದೆಂಬ ನಿಯಮವಿರುವುದರಿಂದ ತಾನು ಬರೆಯುವುದಿಲ್ಲವೆಂದು ಹೇಳಿ ಅವನು ಕುಂಚವನ್ನು ಕೆಳಗಿಟ್ಟನು. ಇಂದಿಗೂ ಆ ಸ್ಥಾನವನ್ನು ಬರಿಗಾಲಿನಲ್ಲಿ ಪ್ರವೇಶಿಸಬೇಕು. ಅಲ್ಲಿ ಚಿತ್ರ ತೆಗೆಯುವಂತಿಲ್ಲ. ಕಂಡದ್ದನ್ನೆಲ್ಲ ಆ ಕ್ಷಣದಲ್ಲಿಯೇ ಊರಿಗೆಲ್ಲ ಸಾರುವ ಈ ಕಾಲದವರಿಗೆ ಆ ನಿಯಮ ವಿಚಿತ್ರವಾಗಿ ತೋರಬಹುದು. ಮಾತನ್ನು ನಿಲ್ಲಿಸುವುದೂ ಒಂದು ವಿರಾಮವೆಂಬುದನ್ನು ಆ ಕ್ಷೇತ್ರ ಬಲ್ಲದು.

ಮೂರನೆಯ ಆಕ್ಷೇಪ ವಿರಾಮದ ಪರವಾಗಿ ಮಾತನಾಡುವವರೇ ತಮಗೆ ತಾವು ಹಾಕಿಕೊಳ್ಳಬೇಕಾದದ್ದು. ನಿಧಾನವೆಂಬುದು ಮೈಮರೆವಾದರೆ ಗತಿಯೇನು? ವಸಂತದ ಬಿಸಿಲು, ಮೆತ್ತನೆಯ ಹಿಮ, ತೆಳುವಾದ ಅಂಗಿ, ಇವು ಮನುಷ್ಯನನ್ನು ಬಹುಬೇಗ ನಂಬಿಸಿಬಿಡುತ್ತವೆ. ಆದರೆ ಅದೇ ಬಿಸಿಲು ಹಿಮದಿಂದ ಪ್ರತಿಫಲಿಸಿ, ಕಪ್ಪು ಕನ್ನಡಕವಿಲ್ಲದವನ ಕಣ್ಣನ್ನು ಸುಡುತ್ತದೆ. ಮೇಲ್ನೋಟಕ್ಕೆ ಗಟ್ಟಿಯಾಗಿ ಕಾಣುವ ಹಿಮದ ಅಡಿಯಲ್ಲಿ ಕರಗಿದ ನೀರು ತೊರೆಯಾಗಿ ಹರಿದು ಪೊಳ್ಳು ಮಾಡಿರುತ್ತದೆ. ಇಳಿಜಾರಿನ ಹಿಮರಾಶಿ ನೆಲದಿಂದ ಕಳಚಿಕೊಂಡು ಬಿರುಕುಬಿಟ್ಟು, ಬುಡಸಮೇತ ಜಾರಿ ಬೀಳುವುದೂ ವಸಂತದಲ್ಲಿಯೇ. ಗಸ್ಸನ್‌ನ ದುಂಡನೆಯ, ಗುರುತುಗಳಿಲ್ಲದ ಬೆನ್ನಿನ ಮೇಲೆ ಮಂಜು ಕವಿದರೆ ಆಕಾಶ ಯಾವುದು ನೆಲ ಯಾವುದು ಎಂದು ತಿಳಿಯುವುದಿಲ್ಲ. ಮೃದುವಾದ ಇಳಿಜಾರೇ ದಾರಿ ತಪ್ಪಿಸುತ್ತದೆ. ಆದುದರಿಂದ ನಿಜವಾದ ವಿರಾಮಕ್ಕೆ ಎಚ್ಚರವೇ ಅಡಿಪಾಯ. ಬೆಳಿಗ್ಗೆ ಹವಾಮಾನವನ್ನು ವಿಚಾರಿಸಿ, ಬಿರುಕುಗಳನ್ನು ದೂರವಿಟ್ಟು, ಮೋಡ ಇಳಿಯುವ ಮುನ್ನವೇ ತಾನಿಳಿಯುವವನು ಮಾತ್ರ ನಿಶ್ಚಿಂತನಾಗಿರಲು ಅರ್ಹ. ಇನ್ನೊಂದೇ ಒಂದು ಸಲ ಎಂದು ಮೋಡದೊಳಗೆ ನುಗ್ಗುವುದಕ್ಕೆ ವೇಗದ ಹಂಬಲ ಸಾಕು. ಕಾಲಿನಲ್ಲಿ ಇನ್ನೂ ಬಲವಿರುವಾಗಲೇ ಸಾಕೆಂದು ಹಲಗೆ ಕಳಚುವುದಕ್ಕೆ ಮನಸ್ಸಿನ ಬಲ ಬೇಕು.

ಈ ವಿಚಾರವನ್ನು ಕೇವಲ ವ್ಯಕ್ತಿಯ ಸುಖದುಃಖದ ಮಾತೆಂದು ಬಿಟ್ಟುಬಿಡುವಂತಿಲ್ಲ. ಆ ಹಿಮವೇ ಇಂದು ಕುಗ್ಗುತ್ತಿದೆ. 2019-20ರ ಚಳಿಗಾಲ ಜಪಾನಿನಲ್ಲಿ ಅಲ್ಲಿಯವರೆಗಿನ ದಾಖಲೆಯಲ್ಲಿಯೇ ಅತ್ಯಂತ ಬೆಚ್ಚನೆಯದಾಗಿತ್ತು. ಜಪಾನ್ ಸಮುದ್ರದ ಬದಿಯ ಸೀಮೆಗಳಲ್ಲಿ ಬಿದ್ದ ಹಿಮ ಅತ್ಯಲ್ಪ. ಆ ಬದಿಯಲ್ಲಿ ದಶಕಗಳಿಂದ ನಡೆದ ಅಳತೆಗಳು ಹಿಮದ ಆಳ ಒಟ್ಟಿನಲ್ಲಿ ಇಳಿಮುಖವಾಗಿರುವುದನ್ನೇ ತೋರಿಸುತ್ತವೆ. ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಎಂಬ ಏರಿಳಿತ ಇದ್ದೇ ಇದೆ. ಆದರೆ ದಿಕ್ಕು ಸ್ಪಷ್ಟವಾಗಿದೆ. ಬೆಚ್ಚನೆಯ ಗಾಳಿ ಹಿಮದ ಋತುವನ್ನು ಎರಡೂ ತುದಿಗಳಿಂದ ಕತ್ತರಿಸುತ್ತದೆ. ಹೀಗಿರುವಾಗ ಮನುಷ್ಯನ ಮುಂದೆ ಎರಡು ದಾರಿಗಳಿವೆ. ಇಲ್ಲದ ಹಿಮವನ್ನು ಯಂತ್ರಗಳಿಂದ ತಯಾರಿಸಿ, ಕರಗುವ ಹಿಮಕ್ಕೆ ಉಪ್ಪು ಎರಚಿ ಗಟ್ಟಿಮಾಡಿ, ಮೊದಲಿನ ಲೆಕ್ಕವನ್ನೇ ಹೇಗಾದರೂ ಮಾಡಿ ತುಂಬಿಸುವುದು ಒಂದು. ಪರ್ವತ ಕೊಟ್ಟಷ್ಟನ್ನು ಪಡೆದು, ಕೊಡದಿದ್ದಾಗ ಕಾಡಿನಲ್ಲಿ ನಡೆದು ಬಂದು, ಹಿಮವನ್ನು ಕರಗಿಸುವ ತನ್ನ ಅತಿಯನ್ನು ಊರಿನಲ್ಲಿ ತಗ್ಗಿಸುವುದು ಇನ್ನೊಂದು. ಪಂದ್ಯಗಳಿಗೂ ಜೀವನೋಪಾಯಕ್ಕೂ ಮೊದಲ ದಾರಿ ಕೆಲವೊಮ್ಮೆ ಅನಿವಾರ್ಯವಾಗಬಹುದು. ತಪ್ಪಲಿನ ವಸತಿಗಳವರ ಅನ್ನ ಈ ಹಿಮದಲ್ಲಿದೆಯೆಂಬುದನ್ನು ಮರೆಯಬಾರದು. ಆದರೆ ಸಂತೋಷಕ್ಕಾಗಿ ಬರುವವನು ಎರಡನೆಯ ದಾರಿಯನ್ನು ಹಿಡಿಯದಿದ್ದರೆ, ಸಂತೋಷವನ್ನು ಕೊಡುವ ವಸ್ತುವನ್ನೇ ಅವನ ಅವಸರ ತಿಂದುಹಾಕುತ್ತದೆ. ಐದು ಇಳಿತಗಳಿಗೆ ತೃಪ್ತನಾದವನ ದಿನ, ಹಿಮ ಕಡಿಮೆಯಾದ ವರ್ಷದಲ್ಲಿಯೂ ತುಂಬಿಯೇ ಇರುತ್ತದೆ. ಇಪ್ಪತ್ತಕ್ಕೂ ತೃಪ್ತನಾಗದವನಿಗೆ ಅತಿವೃಷ್ಟಿಯ ವರ್ಷವೂ ಬರಗಾಲವೇ.

ಪ್ರತಿವರ್ಷ ಜುಲೈ 1ರಂದು ಗಸ್ಸನ್‌ನ ಶಿಖರದ ದೇಗುಲ ಯಾತ್ರಿಕರಿಗೆ ತೆರೆಯುತ್ತದೆ. ಸೆಪ್ಟೆಂಬರ್ ನಡುವಿನವರೆಗೆ ತೆರೆದಿರುತ್ತದೆ. ಆ ಲಿಫ್ಟೇ ಬೇಸಗೆಯಲ್ಲಿ ಬೆಟ್ಟವೇರುವವರನ್ನೂ ಒಯ್ಯುತ್ತದೆ. ಹಿಮ ಚೆನ್ನಾಗಿ ಬಿದ್ದ ವರ್ಷಗಳಲ್ಲಿ ಋತುವಿನ ಕೊನೆಯ ಸ್ಕೀಗಾರರೂ ಮೊದಲ ಯಾತ್ರಿಕರೂ ಒಂದೇ ಹಿಮದ ಪಟ್ಟಿಯನ್ನು ದಾಟುತ್ತಾರೆ. ಒಬ್ಬರು ಹೆಗಲ ಮೇಲೆ ಹಲಗೆ ಹೊತ್ತು ಇಳಿಯುತ್ತಾರೆ, ಇನ್ನೊಬ್ಬರು ಕೋಲೂರಿ ಏರುತ್ತಾರೆ. ಇಬ್ಬರೂ ಆ ಪರ್ವತ ತೆರೆಯುವವರೆಗೆ ಕಾದವರು. ಮಂಜು ಇಳಿದರೆ ಇಬ್ಬರೂ ಹಿಂದಿರುಗಲೇಬೇಕಾದವರು. ಹೊತ್ತದ್ದು ಹಲಗೆಯೋ ಕೋಲೋ ಎಂಬ ಭೇದ ಪರ್ವತಕ್ಕಿಲ್ಲ.

ಹಿಮವನ್ನು ಎಂದೂ ಕಾಣದ ಭಕ್ತರಿಗೂ ಪ್ರತಿವರ್ಷ ಒಂದಿಷ್ಟು ರಜೆಯ ದಿನಗಳು, ಒಂದು ಕ್ಷೇತ್ರದರ್ಶನ, ಒಂದು ಬೆಟ್ಟ ಅಥವಾ ಒಂದು ಹೊಳೆಯ ದಂಡೆ ದೊರೆಯುತ್ತದೆ. ಮುಂದಿನ ಸಲ ಅಲ್ಲಿಗೆ ಹೊರಡುವಾಗ ನೋಡಬೇಕಾದ ಸ್ಥಳಗಳ ಪಟ್ಟಿಯಿಂದ ಅರ್ಧವನ್ನು ಹೊಡೆದುಹಾಕಿ, ಉಳಿದ ಅರ್ಧಕ್ಕೆ ಎರಡರಷ್ಟು ಹೊತ್ತನ್ನು ಕೊಡಲಿ. ದೇಹದಲ್ಲಿ ಇನ್ನೂ ತ್ರಾಣವಿರುವಾಗಲೇ ಒಂದೆಡೆ ಕುಳಿತು ಸುತ್ತ ನೋಡಲಿ. ಅಷ್ಟಾದರೆ ದೂರದ ಪರ್ವತವೊಂದರ ಕರಗುವ ಹಿಮವನ್ನು ಕುರಿತು ಇಷ್ಟು ಹೊತ್ತು ವಿಚಾರಿಸಿದ್ದು ಸಾರ್ಥಕ.